ಮುಷ್ಕರಕ್ಕೊಂದು ಟಿಕೆಟ್ ತೆರೆಯಿರಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮೂರನೇ ಮಹಡಿ, ಅಲ್ಲೊಂದು ಕಂಪನಿ ಅಂದುಕೊಳ್ಳಿ. ನಲವತ್ತು ಎಂಜಿನಿಯರುಗಳು. ಹತ್ತು ನಿಮಿಷದಲ್ಲಿ ನರ್ಗೀಸ್ ಮಂಡಕ್ಕಿ ಮನೆಗೆ ತಲುಪಿಸುವ ಆ್ಯಪ್ ಅವರ ಕಸುಬು. ಆರನೇ ನಿಮಿಷಕ್ಕೆ ಮಂಡಕ್ಕಿ ಮೆತ್ತಗಾಗುತ್ತದೆ, ಅದು ಬೇರೆ ಮಾತು. ಕಟ್ಟಡದ ಬುಡದಲ್ಲೇ ಮಂಡಕ್ಕಿ ಗಾಡಿ ಇದೆ, ಅದೂ ಬೇರೆ ಮಾತು.

ಇವರು ಯೂನಿಯನ್ ಅಂದರೆ ಊರು ನಗುತ್ತದೆ. 'ನೀವು ಕೆಲಸ ನಿಲ್ಲಿಸಿದರೆ ಯಾರಿಗೆ ಗೊತ್ತಾಗುತ್ತೆ ಬಿಡ್ರೀ?' ನಿಜವೇ. ಮಂಡಕ್ಕಿ ಹುರಿಯುವ ಭಟ್ಟಿಯವರು ಒಲೆ ಆರಿಸಿದರೆ ಸಂಜೆಯೊಳಗೆ ಗಾಡಿಗಳೆಲ್ಲ ಖಾಲಿ. ಎಪಿಎಂಸಿ ಹಮಾಲರು ಚೀಲಕ್ಕಿಷ್ಟು ಅಂತ ಕೂತು ಮಾತಾಡಿಯೇ ಹೆಗಲು ಕೊಡುವುದು. ಆದರೆ ರಾತ್ರಿ ಎರಡಕ್ಕೆ ಆ್ಯಪಿನ ಹಸಿರು ಗುಂಡಿ ಒತ್ತಿದರೂ ಒತ್ತಿಕೊಳ್ಳದಿದ್ದಾಗ ಮಾತ್ರ ಇವರಿಗೆ ಫೋನು ಬರುತ್ತದೆ: ತುರ್ತು, ಈಗಲೇ ಎದ್ದು ಕೂತ್ಕೊ. ಎರಡು ಗಂಟೆಗೆ ಅಗತ್ಯ, ಹತ್ತು ಗಂಟೆಗೆ ಅನಗತ್ಯ, ಮಾರ್ಚಿನಲ್ಲಿ ಜನರನ್ನು ತೆಗೆಯುವಾಗ ಹೆಚ್ಚುವರಿ.

ಕಾಯ್ದೆಗೆ ಈ ಗೊಂದಲವಿಲ್ಲ. ಮುಷ್ಕರಕ್ಕೆ ಮುಂಗಡ ನೋಟಿಸ್ ಕೊಡುವ ಕಟ್ಟಳೆ ಮೊದಲು ರೈಲು, ನೀರು, ವಿದ್ಯುತ್ತಿನಂಥ ಸಾರ್ವಜನಿಕ ಸೇವೆಗಳಿಗಷ್ಟೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎಲ್ಲ ಕೈಗಾರಿಕೆಗಳಿಗೂ ಹಾಕಿದೆ. ಮುಷ್ಕರದ ಮಟ್ಟಿಗೆ ಮಂಡಕ್ಕಿ ಆ್ಯಪು ಈಗ ಭದ್ರಾ ನಾಲೆಗೆ ಸಮ.

ನೋಟಿಸಿನ ಅವಧಿ 14 ದಿನ. ಸಾಫ್ಟ್‌ವೇರಿನವರ ಒಂದು ಸ್ಪ್ರಿಂಟೂ (ಒಂದು ಸುತ್ತಿನ ಕೆಲಸಕ್ಕೆ ಇಟ್ಟ ಗಡುವು) ಸಾಮಾನ್ಯವಾಗಿ ಅಷ್ಟೇ ಅಲ್ಲವೇ! ಹಾಗಾಗಿ ಮುಷ್ಕರಕ್ಕೊಂದು ಟಿಕೆಟ್, ಅಂದರೆ ಕೆಲಸದ ಚೀಟಿ ತೆರೆದು, ಎಷ್ಟು ಶ್ರಮದ ಕೆಲಸ ಅಂತ ಎಂಟು ಪಾಯಿಂಟ್ ಕೊಟ್ಟು, ದಿನಾ ಬೆಳಗ್ಗೆ ನಿಂತುಕೊಂಡು 'ಮುಷ್ಕರ ಎಲ್ಲಿಗೆ ಬಂತು?' ಅಂತ ಕೇಳಬಹುದು. ಅಷ್ಟರಲ್ಲಿ ರಾಜಿ ಸಂಧಾನ ಶುರುವಾದರೆ, ಅದು ನಡೆಯುವಷ್ಟು ದಿನ ಮತ್ತು ಮುಗಿದ ಮೇಲೆ ಏಳು ದಿನ ಮುಷ್ಕರ ಮಾಡುವಂತಿಲ್ಲ. ಟಿಕೆಟ್ ಮುಂದಿನ ಸ್ಪ್ರಿಂಟಿಗೆ.

ಯೂನಿಯನ್ ಕಟ್ಟುವುದು ಇದಕ್ಕಿಂತ ಸಲೀಸು. ಕನಿಷ್ಠ ಏಳು ಜನ ಬೇಕು, ಆ ಸದಸ್ಯರು ಒಟ್ಟು ಕಾರ್ಮಿಕರ ಶೇ. 10 ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ನಲವತ್ತರ ಕಂಪನಿಗೆ ಏಳೇ ಸಾಕು. ನಿಯಮಾವಳಿ, ಅದನ್ನು ಒಪ್ಪಿದ ನಿರ್ಣಯ, ಅಫಿಡವಿಟ್ಟು, ಅರ್ಜಿ. ಕೆಡುವುದು ಎಲ್ಲಿ ಅಂದರೆ, ಏಳು ಹೆಸರನ್ನು ಕಂಪನಿಯದೇ ಲ್ಯಾಪ್‌ಟಾಪಿನಲ್ಲಿ, ಕಂಪನಿಯದೇ ಮೇಲ್ ಖಾತೆಯ ಶೀಟಿನಲ್ಲಿ ಬರೆಯುತ್ತಾರೆ. ಎಂಟನೆಯ ಓದುಗ ಎಚ್‌ಆರ್. ಯೂನಿಯನ್ ಸೇರಿದ್ದಕ್ಕೆ ತೆಗೆದರೆ ಅದು ಅನುಚಿತ ಕಾರ್ಮಿಕ ಪದ್ಧತಿ, ಕಾಯ್ದೆ ಒಪ್ಪುವುದಿಲ್ಲ. ಆದರೆ ಹಾಗಂತ ಬರೆದು ತೆಗೆಯುವವರು ಯಾರು? 'ಪರ್ಫಾರ್ಮೆನ್ಸ್ ಸರಿಯಿಲ್ಲ' ಅನ್ನುತ್ತಾರೆ. ಅದಕ್ಕೆ ಉತ್ತರ ಕೊಡಲು, ಕೆಲಸ ಮೆಚ್ಚಿ ಕೊಟ್ಟ ಹಳೆಯ ಅಪ್ರೈಸಲ್ ಪತ್ರಗಳ ಪ್ರಿಂಟು ಮನೆಯ ಟ್ರಂಕಿನಲ್ಲಿರಲಿ. ಕಂಪನಿಯ ಕೋಡು ಮಾತ್ರ ಹೊರಗೆ ಬರಕೂಡದು, ಅವರಿಗೆ ಕಾರಣ ನಾವೇ ಕೊಟ್ಟಂತೆ.

ಇನ್ನು 'ನಾನು ಕಾರ್ಮಿಕನಲ್ಲ, ಟೀಮಿನ ಲೀಡ್' ಎನ್ನುವವರು. ಸಂಹಿತೆ ಹೊರಗಿಡುವುದು ಮುಖ್ಯವಾಗಿ ಆಡಳಿತ ನಡೆಸುವವರನ್ನು ಮತ್ತು ತಿಂಗಳಿಗೆ ₹18,000 ಮೀರಿದ ಮೇಲ್ವಿಚಾರಕರನ್ನು. ನೋಡುವುದು ಮಾಡುವ ಕೆಲಸವನ್ನೇ ಹೊರತು ಕೊರಳಿನ ಬಿಲ್ಲೆಯನ್ನಲ್ಲ. ತನ್ನ ಲ್ಯಾಪ್‌ಟಾಪಿನ ಹೊರತು ಯಾರ ಮೇಲೂ ಉಸ್ತುವಾರಿ ಇಲ್ಲದವನು ಸಂಬಳ ಎಷ್ಟಿದ್ದರೂ ಕಾರ್ಮಿಕನೇ. ಇದು ಹತ್ತಿ ಗಿರಣಿಗಳ ಊರು, ಕಮ್ಯುನಿಸ್ಟ್ ನಾಯಕ ಕಾಮ್ರೇಡ್ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು. ಗಿರಣಿಯಲ್ಲಿ ದುಡಿದ ಅಜ್ಜನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊಮ್ಮಗನಿಗೆ ಪಿಪಿಟಿ ಬೇಕು.

ಕೊನೆಗೊಂದು ಎಚ್ಚರಿಕೆ. ಅರ್ಧ ಅಥವಾ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ಕ್ಯಾಶುಯಲ್ ರಜೆ ಹಾಕಿದರೂ ಸಂಹಿತೆಯಲ್ಲಿ ಅದು ಮುಷ್ಕರವೇ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಹತ್ತೊಂಬತ್ತು ಜನ ರಜೆ ಹಾಕಿದರೆ ಚಿಂತೆಯಿಲ್ಲ. ಇಪ್ಪತ್ತನೆಯವನು ವಾಟ್ಸಾಪಿನಲ್ಲಿ 'ಬಾಡೂಟಕ್ಕೆ ಎಲ್ರೂ ಬರ್ತೀರೇನ್ರೋ' ಅಂತ ಕೇಳದಿದ್ದರೆ ಸರಿ.