ವಿಮಾನ ಸಿಕ್ಕಿತು, ಜೊತೆಗೆ ಬರುವುದು ಯಾರು?

ಇವತ್ತು ಕುಂಬಳೆಯ ಒಂದು ಮನೆಯಲ್ಲಿ ಕೂತು ಕೇಳಿದ ಫೋನ್ ಮಾತಿನ ಸಿಟ್ಟು ಇನ್ನೂ ಇಳಿದಿಲ್ಲ. ಆ ಮನೆಯ ಹುಡುಗ ದುಬೈಯಲ್ಲಿ ಬಿದ್ದು ಎದೆಗೆ ಏಟಾಗಿ ವೆಂಟಿಲೇಟರಿನಲ್ಲಿದ್ದಾನೆ. ಏರ್ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ತರಬೇಕು. ಐಸಿಯು ಕೆಲಸದವಳು ಅಂತ ನನ್ನನ್ನೂ ಕರೆದಿದ್ದರು. ಏಜೆಂಟ್ ರೇಟು ಹೇಳಿದ, ಅಡ್ವಾನ್ಸ್ ಎಷ್ಟು ಅಂತ ಹೇಳಿದ. ಜೊತೆಗೆ ಯಾವ ಡಾಕ್ಟ್ರು ಬರುವುದು ಅಂತ ಕೇಳಿದೆ.

"ಟೀಮ್ ಉಂಟು ಮೇಡಂ."

ಟೀಮ್ ಅಂದರೆ ಯಾರು? ವೆಂಟಿಲೇಟರ್ ನಡೆಸಿ ಅಭ್ಯಾಸ ಇದ್ದವರಾ? ಎದೆಯ ಎಕ್ಸ್‌ರೇ ನೋಡಿದ್ದಾರಾ? ಉತ್ತರ ಇಲ್ಲ.

ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ ವಿಮಾನದಲ್ಲಿ ಉಬ್ಬುವುದನ್ನು ಗಲ್ಫಿಗೆ ಹೋದವರೆಲ್ಲ ನೋಡಿದ್ದೀರಿ. ವಿಮಾನದೊಳಗೆ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟೇ ಒತ್ತಡ. 8,000 ಅಡಿಗೆ ಮುಚ್ಚಿದ ಜಾಗದ ಗಾಳಿ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ಅದು ಎದೆಗೂಡಿನೊಳಗೆ ಸಿಕ್ಕಿಕೊಂಡ ಗಾಳಿಯಾದರೆ ಶ್ವಾಸಕೋಶವನ್ನೇ ಒತ್ತಿ ಹಿಡಿಯುತ್ತದೆ. ಹಾಗಾಗಿ ಹತ್ತಿಸುವ ಮೊದಲೇ ಆ ಗಾಳಿ ಹೊರಗೆ ಹೋಗಲಿಕ್ಕೆ ಎದೆಗೆ ಟ್ಯೂಬ್ ಹಾಕಬೇಕು. ಉಸಿರಾಟಕ್ಕೆ ಗಂಟಲಿಗೆ ಹಾಕಿದ ಟ್ಯೂಬಿನ ಪುಟ್ಟ ಬಲೂನಿನ ಗಾಳಿಯೂ ಹೀಗೇ ಹಿಗ್ಗಿ ಕುಗ್ಗುತ್ತದೆ, ಅದನ್ನು ಏರುವಾಗಲೂ ಇಳಿಯುವಾಗಲೂ ನೋಡ್ತಾ ಇರಬೇಕು. ವಿಮಾನವನ್ನು ತಗ್ಗಿನಲ್ಲಿ ಹಾರಿಸಿ ಒಳಗಿನ ಒತ್ತಡವನ್ನು ನೆಲಮಟ್ಟದ ಹತ್ತಿರ ಇಡಲಿಕ್ಕೂ ಆಗ್ತದೆ, ಇಂಧನದ ಖರ್ಚು ಹೆಚ್ಚು. ಆ ಮಾತನ್ನು ಏಜೆಂಟ್ ಎತ್ತಲೇ ಇಲ್ಲ.

ಆಕ್ಸಿಜನ್ ಎಷ್ಟು ಹೊತ್ತಿಗೆ ಸಾಕು ಅಂದರೆ "ಫುಲ್ ಇರ್ತದೆ" ಅಂದ. ಮಳೆಗೆ ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿಯಲಾಗದೆ ಕಣ್ಣೂರಿಗೋ ಬೆಂಗಳೂರಿಗೋ ತಿರುಗಿದರೆ? ಅಷ್ಟು ಹೊತ್ತಿನದ್ದೂ ಲೆಕ್ಕದಲ್ಲಿ ಇರಬೇಕಲ್ಲ!

"ಜೀವದ ಪ್ರಶ್ನೆ ಮಗಾ, ಮೊದಲು ತರಿಸುವ, ಇದೆಲ್ಲ ಯಾಕೆ?" ಅಂದರು ಹಿರಿಯರೊಬ್ಬರು. ಅವರ ಸಂಕಟ ನನಗೆ ಅರ್ಥ ಆಗ್ತದೆ. 2020ರಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ನಮ್ಮವರು ಸತ್ತದ್ದನ್ನು ಕಾಸರಗೋಡಿನಲ್ಲಿ ಯಾರು ಮರೆತಿದ್ದಾರೆ? ಆದರೆ ಈ ಹುಡುಗ ಈಗ ಐಸಿಯುವಿನಲ್ಲೇ ಇದ್ದಾನೆ, ನೋಡಿಕೊಳ್ಳುವವರಿದ್ದಾರೆ. ಒಂದು ದಿನ ತಡೆದು ವಿಚಾರಿಸಿದರೆ ಏನು ಹೋಯಿತು? ವಿಮಾನ ಮೇಲೆದ್ದ ಮೇಲೆ ಮೂರು ಗಂಟೆಗೂ ಮಿಕ್ಕಿ ಅವನ ಪಾಲಿಗೆ ಇರುವುದು ಆ "ಟೀಮ್" ಒಂದೇ.

ನನ್ನ ಸ್ವರ ಏರಿತು, ಹುಡುಗನ ಅಮ್ಮ ಅಳಲು ಶುರು ಮಾಡಿದರು. ತುಂಬ ಬೇಜಾರಾಯಿತು. ಆದರೂ ಪಟ್ಟು ಬಿಡಲಿಲ್ಲ. ಡಾಕ್ಟ್ರ ಹೆಸರು, ರಿಜಿಸ್ಟ್ರೇಶನ್ ನಂಬರ್, ಆಕ್ಸಿಜನ್ ಲೆಕ್ಕ, ಒಳಗಿನ ಒತ್ತಡ ಎಷ್ಟು ಇಡುತ್ತಾರೆ, ಇಷ್ಟನ್ನೂ ಬರೆದು ಕಳಿಸಲಿ, ಅಡ್ವಾನ್ಸ್ ಆಮೇಲೆ ಅಂದೆ. ನಾಳೆ ಬೆಳಿಗ್ಗೆ ಕಳಿಸುತ್ತೇನೆ ಅಂದಿದ್ದಾನೆ.

ಗಲ್ಫಿನಿಂದ ಯಾರನ್ನಾದರೂ ಹೀಗೆ ತರುವುದಿದ್ದರೆ ದುಡ್ಡು ಹಾಕುವ ಮೊದಲು ನನಗೊಂದು ಫೋನ್ ಮಾಡಿ. ನೈಟ್ ಡ್ಯೂಟಿ ಇದ್ದರೂ ತೆಗೆಯುತ್ತೇನೆ.