ಯಾವ ಪ್ರಾಣಿಯದು ಎಂದು ಬರೆಯಿರಿ

"ಹಸಿರು ಚುಕ್ಕೆ ಇದೆಯಲ್ಲ ಅಕ್ಕ, ಇನ್ನೇನು ನೋಡುತ್ತೀರಿ?" ಎಂದು ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯವರು ಕೇಳಿದರು. ನಾನು ಕ್ರೀಮ್ ಬಿಸ್ಕತ್ತಿನ ಪೊಟ್ಟಣದ ಬೆನ್ನನ್ನು ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ಓದುತ್ತಿದ್ದೆ. ಮಡಿಕೆಯೊಳಗೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಹಾಲಿನ ಪುಡಿ ಸಿಕ್ಕಿತು. ಅದನ್ನು ಹಿಂದಿರುಗಿಸಿ, ಪಕ್ಕದಲ್ಲಿದ್ದ ಕಂದು ತ್ರಿಕೋನದ ಮೊಟ್ಟೆ ಕೇಕನ್ನು ಕೈಗೆತ್ತಿಕೊಂಡಾಗ ಅವರಿಗೆ ಇನ್ನಷ್ಟು ಗೊಂದಲವಾಯಿತು.

ನಾನು ಹೀಗೆ ಹುಡುಕುವುದು ನನ್ನ ತಮ್ಮನಿಗಾಗಿ. ಅವನು ಇರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಈಗ ಊರಿಗೆ ಬಂದಿದ್ದಾನೆ. ಅಲ್ಲಿನ ಒಂದು ಜಾತಿಯ ಉಣುಗು ಕಚ್ಚಿದರೆ ಕೆಲವರ ಮೈ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯನ್ನು ಶತ್ರುವೆಂದು ಬಗೆಯತೊಡಗುತ್ತದೆ. ಕುರಿ, ಆಡು, ದನ, ಹಂದಿ ಎಲ್ಲದರಲ್ಲೂ ಈ ಸಕ್ಕರೆ ಇದೆ. ಕೋಳಿಯಲ್ಲಿ, ಮೀನಿನಲ್ಲಿ ಇಲ್ಲ. ತೊಂದರೆ ತಿಂದ ಕೂಡಲೇ ಕಾಣಿಸುವುದಿಲ್ಲ, ಸಾಮಾನ್ಯವಾಗಿ ಎರಡರಿಂದ ಆರು ಗಂಟೆ ತಡ. ಎರಡು ವರ್ಷಗಳ ಹಿಂದೆ ಊರಿಗೆ ಬಂದಿದ್ದಾಗ ಬೆಟಗೇರಿಯ ಸಾವಜಿ ಖಾನಾವಳಿಯಲ್ಲಿ ಮಟನ್ ಉಂಡು ಬಂದವನು ನಡುರಾತ್ರಿ ಎದ್ದು ಕುಳಿತಾಗ ಮೈತುಂಬ ದದ್ದು, ತುಟಿ ಬಾತಿತ್ತು. ನಾವು ಹೊಸ ಹೊದಿಕೆಯನ್ನು ಶಂಕಿಸಿದೆವು! ಮರಳಿ ಹೋದ ಮೇಲೆ ರಕ್ತಪರೀಕ್ಷೆಯಲ್ಲಿ ನಿಜ ತಿಳಿಯಿತು. ಆ ದೇಶದಲ್ಲಿ 2010ರಿಂದ ಈಚೆಗೆ 4.5 ಲಕ್ಷದವರೆಗೆ ಜನರಿಗೆ ಇದು ತಗಲಿರಬಹುದೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಅಂದಾಜಿಸಿತು.

ಈ ಅಲರ್ಜಿಯಿರುವ ಬಹಳ ಜನರಿಗೆ ಹಾಲು ಒಗ್ಗುತ್ತದೆ, ತಮ್ಮನಿಗೆ ಒಗ್ಗದು. ಧಾರವಾಡದಲ್ಲಿ ಹುಟ್ಟಿದವನಿಗೆ ಪೇಡೆಯೂ ಇಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಹಸಿರು ಗುರುತಿದ್ದರೂ ಬೇಡವಾಗುತ್ತದೆ, ಕಂದು ಗುರುತಿದ್ದರೂ ನಡೆಯುತ್ತದೆ. ಹಾಲಿನದು ದೊಡ್ಡ ಚಿಂತೆಯಲ್ಲ, ಅಲರ್ಜಿಕಾರಕಗಳ ಸಾಲಿನಲ್ಲಿ ಅದನ್ನು ಬೇರೆಯಾಗಿ ನಮೂದಿಸಲೇಬೇಕು. ನನ್ನನ್ನು ಕಾಡುವುದು ಕಂದು ಗುರುತಿನ ಪೊಟ್ಟಣದ ಮೇಲಿನ '471' ಎಂಬ ಅಂಕಿ. ಅದು ಎಣ್ಣೆ ಮತ್ತು ನೀರನ್ನು ಬೆರೆಸುವ ಕೊಬ್ಬಿನ ಪದಾರ್ಥ. ತಾಳೆ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ. ಜೆಲ್ಲಿ ಮಿಠಾಯಿಯ ಮೇಲೆ ಬರಿಯ 'ಜೆಲಟಿನ್' ಎಂದಿದ್ದರೂ ಅದೇ ಪಾಡು. ಮೀನಿನದಾದರೆ ತಮ್ಮ ತಿನ್ನಬಹುದು, ದನದ್ದೋ ಹಂದಿಯದೋ ಆದರೆ ಆಸ್ಪತ್ರೆಗೆ ಓಡಬೇಕಾದೀತು. ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ತಿಳಿಸಬೇಕೆಂದು ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ ಹೇಳಿತು. ಒಳ್ಳೆಯದೇ. ಆದರೆ ನಮಗೆ ಅಷ್ಟು ಸಾಲದು.

ಔಷಧಿಯ ಮೇಲಂತೂ ಹಸಿರು, ಕಂದು ಯಾವುದೂ ಇಲ್ಲ. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಟಿನ್. ಕಳೆದ ವಾರ ತಮ್ಮನಿಗೆ ಕೆಮ್ಮು ಬಂದಾಗ ಔಷಧಿ ಅಂಗಡಿಯವರು "ಗುಳಿಗೆಯಲ್ಲಿ ಎಲ್ಲಿಯ ಮಾಂಸ ತಾಯಿ?" ಎಂದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ವೈದ್ಯರಿಗೆ ಫೋನ್ ಮಾಡಿ ಅದೇ ಔಷಧಿಯನ್ನು ಸಿರಪ್ ರೂಪದಲ್ಲಿ ಕೊಡಿಸಿದರು. ಅವರಿಗೆ ಕೈಮುಗಿಯುತ್ತೇನೆ.

ಹುಬ್ಬಳ್ಳಿಯ ತಾರಿಹಾಳದಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ತಿನಿಸು ತಯಾರಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ವಿನಂತಿ. ಜೆಲಟಿನ್ ಎಂದು ಅಚ್ಚು ಹಾಕಿಸುವಾಗ ಅದರ ಹಿಂದೆ ಒಂದು ಪದ ಸೇರಿಸಿ: ದನದ, ಹಂದಿಯ, ಮೀನಿನ.