ಇಂಗ್ಲಿಷ್ ತರಗತಿಗೆ ಕನ್ನಡದ ಜೊತೆಪಠ್ಯ ಬೇಕೇ?

ಕಾಸರಗೋಡಿನ ಪ್ಲಸ್ ಟು ಇಂಗ್ಲಿಷ್ ತರಗತಿಯಲ್ಲಿ ಒಂದು ಪಾಠದ ಜೊತೆಗೆ ಇನ್ನೊಂದು ಕೃತಿಯನ್ನು ಓದಿಸುವುದಾದರೆ, ಆ ಜೊತೆಪಠ್ಯ ಕನ್ನಡದ್ದಾಗಿರಬೇಕೇ? ಇಬ್ಬರು ಅಧ್ಯಾಪಕರ ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ

ಎರಡು ಕೃತಿಗಳನ್ನು ಒಟ್ಟಿಗೆ ಓದಿಸಿದರೆ ಒಂದನ್ನೇ ಓದುವಾಗ ಕಾಣದ್ದು ಕಾಣುತ್ತದೆ ಎಂಬುದರಲ್ಲಿ ಅಧ್ಯಾಪಕರಿಗೆ ತಕರಾರಿಲ್ಲ. ತಕರಾರು ಇರುವುದು ಎರಡನೆಯದು ಯಾವುದು ಎಂಬಲ್ಲಿ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಇಂಗ್ಲಿಷ್ ಕಲಿಸುವವರು ಅದಕ್ಕಾಗಿ ಮೊದಲು ತೆರೆಯಬೇಕಾದದ್ದು ಕನ್ನಡದ ಕಪಾಟನ್ನು ಎಂದು ನಾನು ನಂಬಿದ್ದೇನೆ.

ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ‘ಪೈಡ್ ಪೈಪರ್’ ಕವಿತೆಯನ್ನೂ ಅದರಿಂದ ಹುಟ್ಟಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೂ ತೆಗೆದುಕೊಳ್ಳಿ. ಅದು ಮಕ್ಕಳ ಪದ್ಯವಲ್ಲವೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಮಕ್ಕಳ ಪದ್ಯವೇ ಹೌದು, ಅದಕ್ಕಾಗಿಯೇ ನನಗೆ ಅದು ಬೇಕು. ಎಳವೆಯಲ್ಲಿ ಕುಣಿಯುತ್ತ ಹೇಳಿದ ಪದ್ಯವನ್ನು ಹದಿನೇಳನೆಯ ವಯಸ್ಸಿನಲ್ಲಿ ಅನುಮಾನದ ಕಣ್ಣಿನಿಂದ ಮತ್ತೆ ಓದಿದಾಗ ವಿಮರ್ಶೆ ಎಂದರೇನೆಂದು ಯಾರೂ ವಿವರಿಸಬೇಕಾಗುವುದಿಲ್ಲ. ವೇಸರ್ ನದಿಯ ದಂಡೆಯ ಹ್ಯಾಮೆಲಿನ್ ಪಟ್ಟಣ ಇಲ್ಲಿ ತುಂಗೆಯ ತೀರದ ಹಳ್ಳಿಯಾಗಿದೆ. ಅರ್ಧ ಹಳದಿ, ಅರ್ಧ ಕೆಂಪು ಅಂಗಿ ತೊಟ್ಟು ಕೊಳಲೂದುವವನ ಜಾಗಕ್ಕೆ ಕಿಂದರಿ ನುಡಿಸುವ ಜೋಗಿ ಬಂದಿದ್ದಾನೆ. ಮೇಯರ್ ಹೋಗಿ ಊರಗೌಡ ಬಂದಿದ್ದಾನೆ. ಇಷ್ಟನ್ನು ಯಾವ ವಿದ್ಯಾರ್ಥಿಯೂ ಪಟ್ಟಿ ಮಾಡಬಲ್ಲ. ನಾನು ಕೇಳುವುದು ಅದರ ಮುಂದಿನದನ್ನು. ಬ್ರೌನಿಂಗ್ ನಗುವುದು ತೆರಿಗೆ ಹಣದಲ್ಲಿ ಉಂಡು ಕೊಬ್ಬಿದ ನಗರಸಭೆಯನ್ನು ನೋಡಿ. ಜನ ಪುರಭವನಕ್ಕೆ ನುಗ್ಗಿ, ನಿಮ್ಮನ್ನು ಮನೆಗೆ ಕಳುಹಿಸುತ್ತೇವೆ ಎಂದು ಗದರುತ್ತಾರೆ. ಗೌಡನನ್ನು ಹಾಗೆ ಗದರಿಸಲು ಊರವರಿಗೆ ಸಾಧ್ಯವೇ? ಅವನನ್ನು ಆ ಸ್ಥಾನದಲ್ಲಿ ಕೂರಿಸಿದವರು ಯಾರು? ಕೊಟ್ಟ ಮಾತಿಗೆ ತಪ್ಪುವುದು ಎರಡೂ ಕಡೆ ಒಂದೇ, ಆದರೆ ಮಾತು ಕೊಟ್ಟವನ ಅಧಿಕಾರ ಬೇರೆ. ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿಲ್ಲ. ಬದಿಯಡ್ಕದ ಹುಡುಗಿಯ ಬಳಿ ಇದೆ.

ವಿಷಯ ಹೊಂದಿಕೆಯಾಗಬೇಕೆಂದೇನೂ ಇಲ್ಲ, ಪದ್ಯದ ಕಟ್ಟಡದ ಮೇಲೆಯೂ ಜೋಡಿ ಮಾಡಬಹುದು. 1914ರಲ್ಲಿ ಹೊರಬಂದ, ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್‌ನ ‘ಮೆಂಡಿಂಗ್ ವಾಲ್’ನಲ್ಲಿ ಪ್ರಾಸವಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಸಾಲುಸಾಲಿನ ಎರಡನೆಯ ಅಕ್ಷರವನ್ನು ಹೊಂದಿಸುವ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟದ್ದು 1911ರಲ್ಲಿ. ಕಾಲ ಹೆಚ್ಚುಕಡಿಮೆ ಒಂದೇ ಆದರೂ ಅರ್ಥ ತದ್ವಿರುದ್ಧ. ಪ್ರಾಸವಿಲ್ಲದ ಐದು ಗಣದ ಸಾಲು ಇಂಗ್ಲಿಷಿನಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್ ಕಾಲದಿಂದ ಬಂದ ಹಳೆಯ ಮನೆತನದ ಸೊತ್ತು. ಕನ್ನಡದಲ್ಲಿ ಪ್ರಾಸ ಬಿಡುವುದು ಪಂಡಿತರ ಸಿಟ್ಟಿಗೆ ಮೈಯೊಡ್ಡುವ ಕೆಲಸವಾಗಿತ್ತು. ಇಷ್ಟು ಹೊಳೆದ ವಿದ್ಯಾರ್ಥಿ ಮುಂದೆ ಯಾವ ಪದ್ಯವನ್ನಾದರೂ ಅದರ ಪರಂಪರೆಯಿಂದ ಕಿತ್ತು ಓದಲಾರ.

ಇದು ಹೊಸ ಹುಚ್ಚೂ ಅಲ್ಲ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಂದಿನಿಂದ ಕನ್ನಡ ಕಾವ್ಯ ಇಂಗ್ಲಿಷನ್ನು ಮಗ್ಗುಲಲ್ಲಿಟ್ಟುಕೊಂಡೇ ಬೆಳೆಯಿತು. ‘ಹ್ಯಾಮ್ಲೆಟ್’ಗೆ ಕುವೆಂಪು ಅವರ ‘ರಕ್ತಾಕ್ಷಿ’ ಇದೆ, ‘ಮ್ಯಾಕ್‌ಬೆತ್’ಗೆ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ ಇದೆ. ಹಲವು ದೇಶಗಳಲ್ಲಿ ನಡೆಯುವ ಶಾಲಾ ಪಠ್ಯಕ್ರಮವಾದ ಅಂತರರಾಷ್ಟ್ರೀಯ ಬ್ಯಾಕಲೋರಿಯೆಟ್‌ನ ಸಾಹಿತ್ಯದ ಮೌಖಿಕ ಪರೀಕ್ಷೆಯಲ್ಲಿಯೇ ಕಲಿಯುವ ಭಾಷೆಯ ಒಂದು ಕೃತಿಯ ಜೊತೆಗೆ ಅನುವಾದದ ಕೃತಿಯೊಂದು ಇರಲೇಬೇಕು. ದುಬಾರಿ ಶುಲ್ಕದ ಶಾಲೆಗಳಲ್ಲಿ ಇದು ವಿದ್ವತ್ತು ಎನಿಸಿಕೊಳ್ಳುತ್ತದೆ, ನಮ್ಮ ಸರಕಾರಿ ಶಾಲೆಯಲ್ಲಿ ಮಾಡಿದರೆ ಮಾತ್ರ ಇಂಗ್ಲಿಷ್ ಬಾರದವರ ಉಪಾಯ!

ವಿರೋಧ

ಕಿಂದರಿಜೋಗಿಯ ಮಾತು ಚೆನ್ನಾಗಿದೆ. ಆದರೆ ಅದು ಮೂಲ ಮತ್ತು ರೂಪಾಂತರದ ಜೋಡಿ, ಅಲ್ಲಿ ವ್ಯತ್ಯಾಸಗಳು ತಾವಾಗಿಯೇ ಎದ್ದು ಕಾಣುತ್ತವೆ. ಅಂಥ ಜೋಡಿಗಳು ಎಷ್ಟಿವೆ? ಎರಡೋ ಮೂರೋ ಪಾಠ ಮುಗಿದ ಮೇಲೆ ಅಧ್ಯಾಪಕರು ವಿಷಯದ ಹೋಲಿಕೆ ಹುಡುಕತೊಡಗುತ್ತಾರೆ, ನನ್ನ ಅಂಜಿಕೆ ಅಲ್ಲಿಂದ ಶುರುವಾಗುತ್ತದೆ.

ಫ್ರಾಸ್ಟ್‌ನ ಆ ಗೋಡೆಯ ಪದ್ಯವನ್ನೇ ನೋಡೋಣ. ಗೋಡೆ ಎಂದೊಡನೆ ಗಡಿ, ಗಡಿ ಎಂದೊಡನೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1, ಅಲ್ಲಿಂದ ಗಡಿ ವಿವಾದದ ಮಹಾಜನ ವರದಿ, ಚಂದ್ರಗಿರಿ ಹೊಳೆ, ಕಯ್ಯಾರ ಕಿಞ್ಞಣ್ಣ ರೈಗಳ ಗಡಿನಾಡಿನ ಕವಿತೆ. ನಮ್ಮೂರಿನಲ್ಲಿ ಜೊತೆಪಠ್ಯ ಹೀಗೆಯೇ ಆಯ್ಕೆಯಾಗುತ್ತದೆ; ಅಧ್ಯಾಪಕರಿಗೆ ಬೇರೇನೂ ಹೊಳೆಯಲು ಊರು ಬಿಡುವುದಿಲ್ಲ. ಕಯ್ಯಾರರ ನೋವಿನ ಬಗ್ಗೆ ನನಗೆ ಗೌರವವಿದೆ. ಆದರೆ ಆ ಜೋಡಿಯಲ್ಲಿ ಫ್ರಾಸ್ಟ್‌ನ ಪದ್ಯ ಸಾಯುತ್ತದೆ. ಗೋಡೆ ಕೆಟ್ಟದ್ದು ಎಂಬ ಒಂದೇ ಸಾಲಿಗೆ ಅದು ಇಳಿಯುತ್ತದೆ.

ಇಬ್ಬರು ನೆರೆಯವರು ತಮ್ಮ ನಡುವಿನ ಗೋಡೆಯನ್ನು ಸರಿಪಡಿಸುವ ಆ ಪದ್ಯ ಹಾಗೆ ಹೇಳುವುದೇ ಇಲ್ಲ. ಗೋಡೆಯನ್ನು ಗೇಲಿ ಮಾಡುವವನೇ ವಸಂತದಲ್ಲಿ ನೆರೆಯವನಿಗೆ ಹೇಳಿ ಕಳುಹಿಸಿ ದುರಸ್ತಿಗೆ ದಿನ ಗೊತ್ತು ಮಾಡುತ್ತಾನೆ. ಬೇಟೆಗಾರರು ಉರುಳಿಸಿದ ಕಲ್ಲುಗಳನ್ನು ಹಿಂದೆಯೂ ತಾನೊಬ್ಬನೇ ಎತ್ತಿ ಇಟ್ಟಿದ್ದಾನೆ. ನನ್ನ ಸೇಬಿನ ಮರ ನಿನ್ನ ಪೈನ್ ಮರದಡಿಯ ಕಾಯಿ ತಿನ್ನಲು ಬರುವುದಿಲ್ಲ ಎಂದು ಹಾಸ್ಯ ಮಾಡುತ್ತಲೇ ಕಲ್ಲು ಹೊರುತ್ತಾನೆ. ನೆರೆಯವನೋ, ಬೇಲಿ ಒಳ್ಳೆಯದಿದ್ದರೆ ನೆರೆಯೂ ಒಳ್ಳೆಯದು ಎಂದು ಅಪ್ಪ ಹೇಳಿದ ಮಾತೊಂದನ್ನೇ ಎರಡು ಸಲ ಹೇಳುತ್ತಾನೆ, ಪದ್ಯ ಮುಗಿಯುವುದೂ ಆ ಮಾತಿನಿಂದಲೇ. ಕಲ್ಲು ಹೊತ್ತ ನೆರೆಯವನು ಇವನ ಕಣ್ಣಿಗೆ ಶಿಲಾಯುಗದ ಕಾಡುಮನುಷ್ಯನಂತೆ ಕಾಣುತ್ತಾನೆ. ಹಾಗೆ ಕಾಣುವ ಇವನನ್ನು ನಾವು ಎಷ್ಟು ನಂಬಬೇಕು? ಕೆಂಪುಕಲ್ಲಿನ ಪಾಗಾರದ ವಿಚಾರದಲ್ಲಿ ಮಾತು ಬಿಟ್ಟ ದಾಯಾದಿಗಳನ್ನು ಕಂಡ ಹುಡುಗರಿಗೆ ಇದೆಲ್ಲ ಚೆನ್ನಾಗಿ ಅರ್ಥವಾಗುತ್ತದೆ, ನಡುವೆ ನಮ್ಮ ರಾಜ್ಯಗಳ ಗಡಿಯನ್ನು ತಂದು ನಿಲ್ಲಿಸದಿದ್ದರೆ.

ಇನ್ನು ತರಗತಿಯಲ್ಲಿ ಕುಳಿತವರು ಯಾರು? ಸಪ್ತಭಾಷಾ ಸಂಗಮ ಎಂದು ಭಾಷಣಗಳಲ್ಲಿ ಹೇಳಿಕೊಳ್ಳುವ ನಾವು ಅದನ್ನು ತರಗತಿಯ ಬಾಗಿಲಲ್ಲಿ ಮರೆಯಬಾರದು. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಎರಡನೆಯ ಭಾಷೆಯಾಗಿ ಮಲಯಾಳವನ್ನೋ ಅರಬ್ಬಿಯನ್ನೋ ಆರಿಸಿಕೊಂಡವರು ಅವರಲ್ಲಿದ್ದಾರೆ. ಗೋವಿಂದ ಪೈಗಳು ಬಿಟ್ಟ ಪ್ರಾಸದ ಬೆಲೆ ತಿಳಿಯಬೇಕಾದರೆ ಮೊದಲು ಆ ಪ್ರಾಸ ಕಿವಿಗೆ ಬಿದ್ದಿರಬೇಕು. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಇಂಗ್ಲಿಷ್ ಟೀಚರಿಗೂ ಕನ್ನಡ ಓದಲು ಬಾರದಿರಬಹುದು, ಅದು ಅವರ ತಪ್ಪಲ್ಲ. ಅನುವಾದ ಕೊಡಿ ಎನ್ನಬಹುದು. ಆಗ ಮಕ್ಕಳು ವಿಶ್ಲೇಷಿಸುವುದು ಅನುವಾದಕನ ಶೈಲಿಯನ್ನು.

ನಾನು ಕೊಡುವ ಜೋಡಿ ಬೇರೆ. ಫ್ರಾಸ್ಟ್‌ನ ಗೋಡೆಯ ಪದ್ಯವಿರುವ ಪುಸ್ತಕ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಿ. ಅದಕ್ಕಿಂತ ಎರಡು ವರ್ಷ ಮೊದಲು, 1912ರಲ್ಲಿ, ಅದೇ ಊರಿನಿಂದ ರವೀಂದ್ರನಾಥ ಠಾಕೂರರ ಇಂಗ್ಲಿಷ್ ‘ಗೀತಾಂಜಲಿ’ ಹೊರಬಂದಿತ್ತು. ಅದರ ಮೂವತ್ತೈದನೆಯ ಪದ್ಯ, ಮನಸ್ಸು ನಿರ್ಭಯವಾಗಿರುವ ನಾಡಿನ ಪ್ರಾರ್ಥನೆ, ಇಲ್ಲಿನ ಯಾವ ಮನೆಮಾತಿನವರಿಗೂ ಹೊಸದಲ್ಲ. ಇಂಗ್ಲಿಷಿಗೆ ತಂದವರು ಕವಿಯೇ ಆದ್ದರಿಂದ ನಡುವೆ ಬೇರೊಬ್ಬ ಅನುವಾದಕನಿಲ್ಲ. ಅದರಲ್ಲೂ ಗೋಡೆಗಳಿವೆ, ಜಗತ್ತನ್ನು ಚೂರುಚೂರು ಮಾಡುವ ಇಕ್ಕಟ್ಟಾದ ಗೋಡೆಗಳು. ಆದರೆ ಅವುಗಳಲ್ಲಿ ಒಂದು ಕಲ್ಲೂ ಇಲ್ಲ, ಯಾರ ಅಂಗೈಯೂ ಒರಟಾಗುವುದಿಲ್ಲ. ಠಾಕೂರರದು ‘ಎಲ್ಲಿ, ಎಲ್ಲಿ’ ಎಂದು ಏರುತ್ತ ಹೋಗಿ ದೇವರ ಮುಂದೆ ನಿಲ್ಲುವ ಒಂದೇ ವಾಕ್ಯ. ಫ್ರಾಸ್ಟ್‌ನದು ಇಬ್ಬರು ಮನುಷ್ಯರ ನಡುವೆ ಮುಗಿಯದೆ ಉಳಿದ ಮಾತುಕತೆ. ಒಬ್ಬರಿಗೆ ತಮ್ಮ ನಿಲುವು ಖಚಿತವಾಗಿ ಗೊತ್ತು, ಇನ್ನೊಬ್ಬನಿಗೆ ಗೊತ್ತಿದೆಯೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ಈ ಜೋಡಿಯನ್ನು ಎರಡು ಪೀರಿಯಡ್ ಓದಿಸಿದರೆ ಸಾಲುಗಳನ್ನು ತೋರಿಸಿ ವಾದಿಸುವುದು ತಾನಾಗಿ ಬರುತ್ತದೆ.

ಮಕ್ಕಳೇ ಆರಿಸಿಕೊಳ್ಳಲಿ ಎಂಬವರೂ ಇದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಆ ಪದ್ಧತಿ ಬಹುಕಾಲ ನಡೆದಿತ್ತು. ಮಕ್ಕಳು ಸಿದ್ಧ ಪ್ರಬಂಧ ಉರುಹೊಡೆದು ಪರೀಕ್ಷೆಯಲ್ಲಿ ಇಳಿಸುತ್ತಾರೆಂಬ ದೂರು ಅಲ್ಲಿಯೂ ಎದ್ದಿತ್ತು. ನಮ್ಮಲ್ಲಿ ಗೈಡು ಅಚ್ಚು ಹಾಕುವವರು ಸುಮ್ಮನಿರುತ್ತಾರೆಯೇ?

ಕನ್ನಡ ಮತ್ತು ಇಂಗ್ಲಿಷನ್ನು ಒಟ್ಟಿಗೆ ಓದಿಸುವ ಆಸೆ ಇದ್ದವರಿಗೆ ದ್ವಿತೀಯ ಭಾಷೆಯ ಕನ್ನಡ ಪೀರಿಯಡ್ ಇದೆ. ಅಲ್ಲಿ ಟೀಚರಿಗೂ ಮಕ್ಕಳಿಗೂ ಕನ್ನಡ ಬರುತ್ತದೆ, ಇಂಗ್ಲಿಷ್ ಪದ್ಯವೊಂದನ್ನು ಓದಿಕೊಳ್ಳುವಷ್ಟು ಇಂಗ್ಲಿಷೂ ಬರುತ್ತದೆ. ಪ್ರಾಸದ ಚರ್ಚೆ ಅಲ್ಲಿ ನಡೆಯಲಿ, ಕಯ್ಯಾರರ ಕವಿತೆಯ ಜೊತೆಗೆ ಬೇಕಾದರೆ ಫ್ರಾಸ್ಟ್‌ನನ್ನೂ ಅಲ್ಲಿಗೆ ಕರೆಯಲಿ.